ದಂತವೈದ್ಯರ ಕನ್ನಡಿಗೆ ಕಾಣದ ಕ್ಯಾನ್ಸರ್

ಭದ್ರಾವತಿ ನ್ಯೂ ಟೌನಿನ ಪೆಟ್ಟಿಗೆ ಅಂಗಡಿಗಳಲ್ಲಿ ಎರಡು ಸರ ಅಕ್ಕಪಕ್ಕ ತೂಗುತ್ತಿರುತ್ತವೆ. ಒಂದು ಪಾನ್ ಮಸಾಲದ್ದು, ಇನ್ನೊಂದು ತಂಬಾಕಿನದ್ದು. 2013ರಲ್ಲಿ ರಾಜ್ಯ ಸರ್ಕಾರ ಇವೆರಡೂ ಬೆರೆತ ಗುಟ್ಕಾ ನಿಷೇಧಿಸಿತು. ಬೆರೆಸುವ ಕೆಲಸ ಕಾರ್ಖಾನೆಯಿಂದ ಗಿರಾಕಿಯ ಅಂಗೈಗೆ ಬಂತು, ಅಷ್ಟೇ. ಇಲ್ಲಿನ ದಂತವೈದ್ಯರಿಗೆ ಬಾಯಿ ಕ್ಯಾನ್ಸರ್ ಎಂದರೆ ಮೊದಲು ನೆನಪಾಗುವುದು ಈ ಸರಗಳೇ, ವೈರಸ್ ಅಲ್ಲ.

ಅದಕ್ಕೆ ಕಾರಣವೂ ಇದೆ. ಶ್ವಾರ್ಟ್ಜ್ ಎಂಬ ವೈದ್ಯರು 1952ರಲ್ಲಿ ಕೀನ್ಯಾದಲ್ಲಿದ್ದ ಐವರು ಭಾರತೀಯ ಮಹಿಳೆಯರ ಬಾಯಿ ಬಿಗಿದುಕೊಂಡದ್ದನ್ನು ದಾಖಲಿಸಿದರು. ಮರುವರ್ಷ ಮುಂಬೈಯ ಜೋಶಿಯವರೂ ಇದೇ ಕಾಯಿಲೆಯ ಬಗ್ಗೆ ಬರೆದರು. ಇಂದು ದಂತ ಕಾಲೇಜಿನ ವಿದ್ಯಾರ್ಥಿಗಳಿಗೆಲ್ಲ ಅಡಿಕೆ ಅಗಿಯುವುದರಿಂದ ಬರುವ, ಕ್ಯಾನ್ಸರ್‌ಗೆ ತಿರುಗಬಲ್ಲ ಈ ಸಬ್‌ಮ್ಯೂಕಸ್ ಫೈಬ್ರೋಸಿಸ್ ಗೊತ್ತು. "ಸಾರಿನ ಖಾರ ತಡೆಯೋಕಾಗಲ್ಲ ಡಾಕ್ಟ್ರೇ" ಎಂದು ಬಂದವರ ಕೆನ್ನೆಯ ಒಳಗೆ ಬೆರಳಾಡಿಸಿದರೆ ಹುರಿಯಂಥ ಪಟ್ಟಿ ತಗಲುತ್ತದೆ. ಒಳಚರ್ಮ ಬಿಳಿಚಿರುತ್ತದೆ, ಮೂರು ಬೆರಳು ಜೋಡಿಸಿ ಬಾಯಿಗೆ ಇಟ್ಟುಕೊಳ್ಳಿ ಎಂದರೆ ಹಿಡಿಸುವುದಿಲ್ಲ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆಅಡಿಕೆಯನ್ನು, 2004ರಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. 1939ರಿಂದ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್ ಇರುವ, ಅಡಿಕೆ ಧಾರಣೆ ನೋಡಿಯೇ ಮದುವೆ-ಮನೆ ಲೆಕ್ಕ ಹಾಕುವ ಜಿಲ್ಲೆಯಲ್ಲಿ ಈ ಮಾತು ಗಟ್ಟಿಯಾಗಿ ಹೇಳುವುದು ಸುಲಭವಲ್ಲ. ಎದುರಿನ ಕುರ್ಚಿಯಲ್ಲಿ ಕೂತವರೇ ತೋಟದ ಮಾಲೀಕರಾಗಿರಬಹುದು. ಆದರೂ ಹೇಳಿದವರಿದ್ದಾರೆ, ಪರೀಕ್ಷೆಯಿಂದ ಫಲವೂ ಇದೆ: ತಿರುವನಂತಪುರ ಜಿಲ್ಲೆಯಲ್ಲಿ ಆರೋಗ್ಯ ಕಾರ್ಯಕರ್ತರು ಬರೀ ಕಣ್ಣಿನಿಂದ ಬಾಯಿ ನೋಡಿದ್ದರಿಂದಲೇ ತಂಬಾಕು, ಮದ್ಯ ಬಳಸುವವರಲ್ಲಿ ಸಾವು ಇಳಿಯಿತೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಬಂದದ್ದು ಬೇರೆ ಬಾಗಿಲಿನಿಂದ. ಗರ್ಭಕೊರಳಿನ ಕ್ಯಾನ್ಸರ್‌ಗೂ ಈ ವೈರಸ್‌ಗೂ ಇರುವ ನಂಟನ್ನು ತೋರಿಸಿದ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಬಾಯಿಯ ಗಡ್ಡೆಯಲ್ಲೂ ಅದರ ಕುರುಹಿದೆಯೆಂದು ಫಿನ್ಲೆಂಡಿನ ಸಿರ್ಯಾನೆನ್ 1983ರಲ್ಲೇ ಸೂಚಿಸಿದ್ದರು. 2000ದಲ್ಲಿ ಮೌರಾ ಗಿಲಿಸನ್ ಮತ್ತು ಸಂಗಡಿಗರು ಗಂಟಲಿನ ಕ್ಯಾನ್ಸರ್‌ನಲ್ಲಿ ಇದರದ್ದೇ ಒಂದು ಬೇರೆ ಬಗೆ ಇದೆಯೆಂದು ತೋರಿಸಿದರು. ಟಾನ್ಸಿಲ್ ಮತ್ತು ನಾಲಗೆಯ ಬುಡ ಅದರ ನೆಲೆ. ಅಮೆರಿಕದಲ್ಲಿ ಇಂಥ ಗಂಟಲ ಕ್ಯಾನ್ಸರ್‌ಗಳಲ್ಲಿ ಸುಮಾರು 70% ಎಚ್‌ಪಿವಿಯದ್ದು. ನಮ್ಮ ಕೆನ್ನೆ, ಒಸಡಿನ ಕ್ಯಾನ್ಸರ್‌ನಲ್ಲಿ ಅದರ ಪಾತ್ರ ಸಣ್ಣದು.

ದಂತವೈದ್ಯರ ಅರಿವನ್ನು ಅಳೆಯುವ ಪ್ರಶ್ನಾವಳಿಗಳು ಎಡವುವುದು ಇಲ್ಲೇ ಎಂದು ನನ್ನ ಅನಿಸಿಕೆ. "ಎಚ್‌ಪಿವಿಯಿಂದ ಬಾಯಿ ಕ್ಯಾನ್ಸರ್ ಬರುತ್ತದೆಯೇ?" ಎಂಬ ಪ್ರಶ್ನೆಗೆ ಹೌದು ಎಂದರೆ ಅಂಕ ಸಿಗುತ್ತದೆ. "ಗಂಟಲಾದರೆ ಹೌದು, ಕೆನ್ನೆಯಾದರೆ ಮೊದಲು ಅಡಿಕೆ, ತಂಬಾಕು ಕೇಳಿ" ಎನ್ನುವ ವೈದ್ಯರಿಗೆ ಅದರಲ್ಲಿ ಜಾಗವಿಲ್ಲ. ನಿಜವಾಗಿ ತಿಳಿದವರು ಅವರೇ.

ಇನ್ನೊಂದು ತೊಡಕು. ಬಟ್ಟೆಯ ತುಂಡಿನಿಂದ ನಾಲಗೆ ಹಿಡಿದು ಪಕ್ಕಕ್ಕೆಳೆದರೆ ಅಂಚಿನ ಹುಣ್ಣು ಕಾಣುತ್ತದೆ. ಟಾನ್ಸಿಲ್‌ನ ಸಂದುಗಳೊಳಗೆ ಹುಟ್ಟಿದ್ದು ಕಾಣದು. ಎಷ್ಟೋ ಸಲ ಕುತ್ತಿಗೆಯಲ್ಲಿ ನೋವಿಲ್ಲದ ಗಂಟೇ ಮೊದಲ ಸುಳಿವು. ಹಾಗಾಗಿ ಬಾಯಿ ನೋಡುವಾಗ ಕುತ್ತಿಗೆಯನ್ನೂ ಒತ್ತಿ ನೋಡಬೇಕು, ಗಂಟಿದ್ದರೆ ತಡಮಾಡದೆ ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಕಳಿಸಬೇಕು. ಬರುವ ಮೊದಲೇ ತಡೆಯಲು ಉಳಿದ ದಾರಿ ಎಚ್‌ಪಿವಿ ಲಸಿಕೆ. ಆದರೆ ಲಸಿಕೆ ಹಾಕಿಸಿಕೊಂಡವರಿಗೆ ಗುಟ್ಕಾದಿಂದ ರಕ್ಷಣೆ ಸಿಗುವುದಿಲ್ಲ. ಇದನ್ನೂ ಬಿಡಿಸಿ ಹೇಳಬೇಕು.

ಅಮೆರಿಕದ ದಂತವೈದ್ಯರ ಸಂಘ 2018ರಲ್ಲಿ ಲಸಿಕೆಯ ಪರ ನಿಂತಿತು. 2020ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಗಂಟಲ ಕ್ಯಾನ್ಸರ್ ತಡೆಗೂ ಅದನ್ನು ಒಪ್ಪಿದರು. ನಮ್ಮಲ್ಲಿ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ 2023ರಲ್ಲಿ ಬಂತು. ಹಲ್ಲಿಗೆ ತಂತಿ ಕಟ್ಟಿಸಲು ಮಕ್ಕಳು ಬರುವ ವಯಸ್ಸೂ ಲಸಿಕೆಯ ವಯಸ್ಸೂ ಹೆಚ್ಚುಕಡಿಮೆ ಒಂದೇ, 9ರಿಂದ 14. ತಿಂಗಳಿಗೊಮ್ಮೆ ಅಮ್ಮನ ಜೊತೆ ಬರುವ ಮಗುವಿನ ಎದುರು ಈ ಮಾತು ತೆಗೆಯಲು ದಂತವೈದ್ಯರು ಹಿಂಜರಿಯುತ್ತಾರೆ, ಲೈಂಗಿಕತೆಯ ಪ್ರಸ್ತಾಪ ಬರುತ್ತದೆಂದು. ಗರ್ಭಕೊರಳಿನ ಕ್ಯಾನ್ಸರ್ ಇಲ್ಲಿ ದೊಡ್ಡ ಪಿಡುಗಾದ್ದರಿಂದ 2024ರ ಕೇಂದ್ರ ಮಧ್ಯಂತರ ಬಜೆಟ್ ಲಸಿಕೆಗೆ ಹೆಣ್ಣುಮಕ್ಕಳ ಹೆಸರನ್ನಷ್ಟೇ ಹೇಳಿತು. ಆದರೆ ಅಮೆರಿಕದಲ್ಲಿ ಎಚ್‌ಪಿವಿ ಗಂಟಲ ಕ್ಯಾನ್ಸರ್ ಹೆಚ್ಚಾಗಿ ಕಾಣುವುದು ಗಂಡಸರಲ್ಲಿ.