ವೇಶ್ಯಾವೃತ್ತಿಯೂ ರಾಜಶಾಸನವೂ

ಮೈಸೂರಿನಲ್ಲಿ 1909ನೆಯ ಇಸವಿಯಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಕಾಧ್ಯಕ್ಷನೆಂಬ ಅಧಿಕಾರಿಯ ವಿಷಯವಾಗಿ ಒಂದು ಅಧ್ಯಾಯವೇ ಉಂಟು. ರೂಪಾಜೀವೆಯರು ಪ್ರತಿಮಾಸವೂ ಒಂದು ದಿನದ ಗಳಿಕೆಯ ಇಮ್ಮಡಿಯನ್ನು ಬೊಕ್ಕಸಕ್ಕೆ ಸಲ್ಲಿಸತಕ್ಕುದು. ಗಣಿಕೆಯ ಒಡವೆಯನ್ನಾಗಲಿ ಆಕೆಗೆ ಸಲ್ಲಬೇಕಾದ ಹಣವನ್ನಾಗಲಿ ಅಪಹರಿಸಿದವನಿಗೆ ಎಂಟುಮಡಿ ದಂಡವೆಂದು ಅಲ್ಲಿಯ ವಿಧಿ. ಕರದೊಡನೆ ರಕ್ಷಣೆಯೂ ಇದ್ದಿತು. ಆದರೆ ರಾಜಗಣಿಕೆಯ ಬಿಡುಗಡೆಗೆ 24,000 ಪಣಗಳ ನಿಷ್ಕ್ರಯವನ್ನು ತೆರಬೇಕಾಗಿದ್ದಿತು.

ಬ್ರಿಟಿಷ್ ಸರ್ಕಾರವು 1868ರಲ್ಲಿ ಇಂಡಿಯಾಕ್ಕೆ ವಿಧಿಸಿದ ಸಾಂಕ್ರಾಮಿಕ ರೋಗಗಳ ಕಾನೂನು ಕರವನ್ನು ಕೇಳಲಿಲ್ಲ. ಸೈನಿಕರ ಆರೋಗ್ಯವೇ ಅದರ ಮುಖ್ಯ ಉದ್ದೇಶ. ಈ ವೃತ್ತಿಯ ಸ್ತ್ರೀಯರು ಹೆಸರನ್ನು ದಾಖಲು ಮಾಡಿಸಿ, ನಿಯತಕಾಲದಲ್ಲಿ ವೈದ್ಯಪರೀಕ್ಷೆಗೆ ಒಳಗಾಗಬೇಕು. ರೋಗ ಕಂಡುಬಂದರೆ ‘ಲಾಕ್’ ಆಸ್ಪತ್ರೆಯಲ್ಲಿ ನಿರ್ಬಂಧ. ಅವರ ಬಳಿಗೆ ಬಂದ ಪುರುಷರಿಗೆ ಈ ಕಾನೂನಿನ ಪರೀಕ್ಷೆಯಿಲ್ಲ. ನಿರ್ಬಂಧದ ದಿನಗಳಲ್ಲಿ ಗಳಿಕೆ ನಿಲ್ಲುವುದು. ಮನೆಬಾಡಿಗೆಯೂ ಸಾಲದ ಬಡ್ಡಿಯೂ ನಿಲ್ಲವು. ಆದುದರಿಂದ ಕಲ್ಕತ್ತೆಯ ಅನೇಕ ಸ್ತ್ರೀಯರು ಹೆಸರು ಬರೆಯಿಸದೆ ಅಡಗಿದರು. ಕೆಲವರು ಫ್ರೆಂಚರ ಅಧೀನದಲ್ಲಿದ್ದ ಚಂದ್ರನಗರಕ್ಕೆ ಓಡಿದರು. ಅಡಗಿದವಳಿಗೆ ದಂಡದ ಭಯ. ಆ ಭಯವೇ ಲಂಚಕೋರರಿಗೆ ಸಂಪಾದನೆಯಾಯಿತು.

ಜೋಸೆಫೀನ್ ಬಟ್ಲರ್ ಮೊದಲಾದವರ ಹೋರಾಟದಿಂದ ಇಂಗ್ಲೆಂಡಿನ ಇಂತಹ ಕಾನೂನುಗಳು 1886ರಲ್ಲಿಯೂ, ಇಂಡಿಯಾದ ಕಾನೂನು 1888ರಲ್ಲಿಯೂ ರದ್ದಾದುವು. ಕೌಟಿಲ್ಯನ ಕರಕ್ಕೆ ಒಂದು ಲೆಕ್ಕವಿದ್ದಿತು. ಯಾವ ಲೆಕ್ಕದಲ್ಲಿಯೂ ಬರೆಯದ ಈ ಕರಕ್ಕೆ ಮಿತಿಯೇ ಇರಲಿಲ್ಲ. ಎರಡು ಕಾಲದಲ್ಲಿಯೂ ಅದನ್ನು ತೆತ್ತವಳು ಸ್ತ್ರೀಯೊಬ್ಬಳೇ.