ಏಕಾಕಿ ದಂಡಧರ: ಒಂದು ಅಮೆರಿಕನ್ ಚಿತ್ರಕಥೆಯ ಚರಿತ್ರೆ

ದಂಡನೀತಿಯನ್ನು ಕುರಿತು ಬರೆದ ನಮ್ಮ ಪೂರ್ವಾಚಾರ್ಯರು ಒಂದು ವಿಷಯದಲ್ಲಿ ಏಕಮತರಾಗಿರುವರು. ಅಪರಾಧಿಯನ್ನು ದಂಡಿಸುವವರಿಲ್ಲದಿದ್ದರೆ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವ ಮಾತ್ಸ್ಯನ್ಯಾಯವು ಲೋಕದಲ್ಲಿ ತಲೆದೋರುವುದು. ಆದರೆ ದಂಡವನ್ನು ಹಿಡಿಯುವ ಅಧಿಕಾರವು ರಾಜನದು. ಅವನೂ ಶಾಸ್ತ್ರಕ್ಕೆ ಒಳಪಟ್ಟು, ಅಪರಾಧಕ್ಕೆ ತಕ್ಕ ಅಳತೆಯಲ್ಲಿಯೇ ಅದನ್ನು ಪ್ರಯೋಗಿಸಬೇಕು. ಹಾಗಾದರೆ ರಾಜನೇ ತನ್ನ ಕರ್ತವ್ಯದಲ್ಲಿ ತಪ್ಪಿದಾಗ ನೊಂದವನು ಏನು ಮಾಡಬೇಕು? ಈ ಪ್ರಶ್ನೆಯು ಬಹಳ ಹಳೆಯದು. ಇದನ್ನೇ ಅಮೆರಿಕಾ ದೇಶದ ಒಂದು ಚಿತ್ರಕಥಾಮಾಲೆಯು ಐವತ್ತು ವರ್ಷಗಳ ಕಾಲ ಮತ್ತೆ ಮತ್ತೆ ಕೇಳಿತು. ಅದರ ಹೆಸರು ‘ಪನಿಷರ್’, ಎಂದರೆ ದಂಡಿಸುವವನು. ಚಿತ್ರಕಥೆಗಳು ಹುಡುಗರು ಹೊತ್ತುಗಳೆಯುವ ಸಾಧನವೆಂದು ವಾಚಕರಲ್ಲಿ ಕೆಲವರು ಮೂಗು ಮುರಿಯಬಹುದು. ಆದರೆ ಆ ಕಥಾಪುರುಷನ ಲಾಂಛನವು ಸೈನಿಕರ ಕವಚದ ಮೇಲೂ ಪೋಲೀಸರ ವಾಹನಗಳ ಮೇಲೂ ಏರಿ ಕುಳಿತಿತೆಂದ ಮೇಲೆ, ಅದರ ಚರಿತ್ರೆಯನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲು ಆ ಕಾಲದ ಸ್ಥಿತಿಯನ್ನು ತಿಳಿಯಬೇಕು. ೧೯೫೪ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಚಿತ್ರಕಥೆಗಳು ಮಕ್ಕಳನ್ನು ಕೆಡಿಸುತ್ತಿವೆಯೆಂದು ಒಂದು ಗ್ರಂಥವನ್ನು ಬರೆದರು. ಅದೇ ವರ್ಷ ಅಮೆರಿಕದ ಸೆನೆಟ್ ಸಭೆಯ ಉಪಸಮಿತಿಯೊಂದು ಈ ವಿಷಯದ ವಿಚಾರಣೆಯನ್ನು ನಡೆಯಿಸಿತು. ಸರಕಾರವು ಕೈಹಾಕುವ ಮೊದಲೇ ಪ್ರಕಾಶಕರು ತಮಗೆ ತಾವೇ ಒಂದು ನಿಯಮಾವಳಿಯನ್ನು ವಿಧಿಸಿಕೊಂಡರು. ಅಪರಾಧಿಯ ಮೇಲೆ ಅನುಕಂಪವು ಹುಟ್ಟುವಂತೆ ಬರೆಯಕೂಡದು; ನ್ಯಾಯಾಧೀಶರಲ್ಲಿ, ಪೋಲೀಸರಲ್ಲಿ ಅಗೌರವವು ಮೂಡುವಂತೆ ಚಿತ್ರಿಸಕೂಡದು; ಪ್ರತಿಯೊಂದು ಕಥೆಯಲ್ಲಿಯೂ ಒಳಿತೇ ಗೆಲ್ಲಬೇಕು ಎಂಬುದು ಅದರ ಸಾರಾಂಶ. ೧೯೭೧ರಲ್ಲಿ ಈ ಕಟ್ಟನ್ನು ಕೆಲಮಟ್ಟಿಗೆ ಸಡಿಲಿಸಿದರು. ಅಷ್ಟರಲ್ಲಿ ದೇಶದ ಮನಸ್ಸೂ ಬೇರೆಯಾಗಿತ್ತು. ವಿಯೆಟ್ನಾಮ್ ಯುದ್ಧದಿಂದ ತರುಣರು ಗಾಯಗೊಂಡ ಮನಸ್ಸಿನಿಂದ ಹಿಂದಿರುಗುತ್ತಿದ್ದರು. ನಗರಗಳಲ್ಲಿ ಕೊಲೆ ಸುಲಿಗೆಗಳು ಹೆಚ್ಚುತ್ತಿದ್ದುವು. ೧೯೭೪ರ ಆಗಸ್ಟ್ ತಿಂಗಳಲ್ಲಿ ವಾಟರ್‌ಗೇಟ್ ಪ್ರಕರಣದಿಂದಾಗಿ ಅಧ್ಯಕ್ಷ ನಿಕ್ಸನ್ನರೇ ಪದವಿಯನ್ನು ಬಿಟ್ಟಿಳಿದರು. ರಾಜದಂಡದಲ್ಲಿ ಜನರಿಗಿದ್ದ ನಂಬಿಕೆಯು ಕುಸಿದ ಕಾಲವದು.

ಇಂತಹ ಕಾಲವು ತನಗೆ ಬೇಕಾದ ಕಥೆಯನ್ನು ತಾನೇ ಹುಟ್ಟಿಸಿಕೊಳ್ಳುವುದು. ೧೯೬೯ರಲ್ಲಿ ಡಾನ್ ಪೆಂಡಲ್‌ಟನ್ ಎಂಬ ಕಾದಂಬರಿಕಾರರು, ಯುದ್ಧದಿಂದ ಮರಳಿ ತನ್ನ ಕುಟುಂಬದ ನಾಶಕ್ಕಾಗಿ ಮಾಫಿಯಾ ಎಂಬ ದುಷ್ಕರ್ಮಿಗಳ ಕೂಟದ ಮೇಲೆ ಹಗೆ ಸಾಧಿಸುವ ಸೈನಿಕನೊಬ್ಬನ ಕಥೆಯನ್ನು ಆರಂಭಿಸಿದ್ದರು. ೧೯೭೨ರಲ್ಲಿ ಬ್ರಯನ್ ಗಾರ್ಫೀಲ್ಡ್ ಎಂಬವರು, ಪತ್ನಿಯನ್ನು ಕಳೆದುಕೊಂಡ ಶಾಂತ ಗೃಹಸ್ಥನೊಬ್ಬನು ಪಿಸ್ತೂಲು ಹಿಡಿದು ಬೀದಿಗಿಳಿಯುವ ಕಾದಂಬರಿಯನ್ನು ಬರೆದರು. ೧೯೭೪ರಲ್ಲಿ ಅದು ಚಲಚ್ಚಿತ್ರವಾಯಿತು. ಗ್ರಂಥಕರ್ತರು ಎಚ್ಚರಿಕೆಯೆಂದು ಬರೆದುದನ್ನು ಪ್ರೇಕ್ಷಕರು ಚಪ್ಪಾಳೆ ತಟ್ಟಿ ನೋಡಿದರು. ಇದರಿಂದ ಗಾರ್ಫೀಲ್ಡರು ಖಿನ್ನರಾದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಪನಿಷರನ ಪಾಲಿಗೂ ಇದೇ ಬಂದಿತು.

ಪನಿಷರನು ಮೊದಲು ಕಾಣಿಸಿಕೊಂಡುದು ೧೯೭೪ರ ಫೆಬ್ರವರಿಯ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಎಂಬ ಮಾಸಿಕದ ೧೨೯ನೆಯ ಸಂಚಿಕೆಯಲ್ಲಿ. ಕಥೆಯನ್ನು ಬರೆದವರು ಆಗತಾನೆ ಇಪ್ಪತ್ತು ದಾಟಿದ್ದ ಜೆರ್ರಿ ಕಾನ್ವೇ ಎಂಬ ತರುಣರು. ಚಿತ್ರಗಳು ರಾಸ್ ಆಂಡ್ರೂ ಅವರವು. ಕಾನ್ವೇಯವರು ಪಾತ್ರದ ವೇಷವನ್ನು ಗೀಚಿ ಎದೆಯ ಒಂದು ಪಕ್ಕಕ್ಕೆ ಚಿಕ್ಕದೊಂದು ತಲೆಬುರುಡೆಯನ್ನು ಇಟ್ಟಿದ್ದರು. ಹಿರಿಯ ಚಿತ್ರಕಾರರಾದ ಜಾನ್ ರೊಮಿಟಾ ಅವರು ಅದನ್ನು ಇಡೀ ಎದೆಯನ್ನು ಆವರಿಸುವಂತೆ ಹಿಗ್ಗಿಸಿ, ಅದರ ಹಲ್ಲುಗಳೇ ಸೊಂಟದ ಗುಂಡಿನ ಪಟ್ಟಿಯಾಗುವಂತೆ ತಿದ್ದಿದರು. ‘ಹಂತಕ’ ಎಂಬರ್ಥದ ಮೊದಲ ಹೆಸರನ್ನು ಬಿಡಿಸಿ ‘ಪನಿಷರ್’ ಎಂಬ ನಾಮಕರಣವನ್ನು ಮಾಡಿದವರು ಸ್ಟಾನ್ ಲೀ. ಆ ಕಥೆಯಲ್ಲಿ ಇವನು ನಾಯಕನಲ್ಲ. ಕಪಟಿಯೊಬ್ಬನ ಮಾತನ್ನು ನಂಬಿ, ನಿರ್ದೋಷಿಯಾದ ಜೇಡಮಾನವನನ್ನು ಕೊಲೆಗಡುಕನೆಂದು ತಿಳಿದು ಬೇಟೆಯಾಡಲು ಬರುವನು. ವಿಚಾರಣೆಯಿಲ್ಲದೆ ತೀರ್ಪು ಕೊಡುವವನು ತಪ್ಪು ಮನುಷ್ಯನನ್ನೇ ಕೊಂದಾನು ಎಂಬ ಎಚ್ಚರಿಕೆಯು ಹೀಗೆ ಅವನ ಹುಟ್ಟಿನಲ್ಲಿಯೇ ಇದ್ದಿತು.

ಅವನ ಪೂರ್ವಕಥೆಯು ೧೯೭೫ರಲ್ಲಿ, ಮೇಲೆ ಹೇಳಿದ ನಿಯಮಾವಳಿಗೆ ಒಳಪಡದ ಕಪ್ಪುಬಿಳುಪಿನ ಪತ್ರಿಕೆಯೊಂದರಲ್ಲಿ ಹೊರಬಿದ್ದಿತು. ಫ್ರಾಂಕ್ ಕ್ಯಾಸಲ್ ಎಂಬುದು ಅವನ ಹೆಸರು. ವಿಯೆಟ್ನಾಮಿನಲ್ಲಿ ಕಾದಿದ ಯೋಧನು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹೆಂಡತಿ ಮಕ್ಕಳೊಡನೆ ವಿಹಾರಕ್ಕೆ ಬಂದಿದ್ದಾಗ, ದುಷ್ಕರ್ಮಿಗಳು ಮಾಡಿದ ಕೊಲೆಯೊಂದು ಅವರ ಕಣ್ಣಿಗೆ ಬಿದ್ದಿತು. ಸಾಕ್ಷಿ ಉಳಿಯಬಾರದೆಂದು ಆ ಪಾಪಿಗಳು ಕುಟುಂಬದ ಮೇಲೆಯೇ ಗುಂಡಿನ ಮಳೆಗರೆದರು. ಬದುಕಿದವನು ಅವನೊಬ್ಬನೇ. ಅವನಿಗೆ ಹಾರುವ ಶಕ್ತಿಯಿಲ್ಲ, ದಿವ್ಯಾಸ್ತ್ರಗಳಿಲ್ಲ. ಇರುವುದು ಬಂದೂಕು ಮತ್ತು ಆರದ ಕೋಪ.

ನಮ್ಮ ಆಲಂಕಾರಿಕರು ಹೇಳುವ ಧೀರೋದಾತ್ತಾದಿ ನಾಲ್ಕು ಬಗೆಯ ನಾಯಕರಲ್ಲಿ ಇವನು ಸೇರನು. ನಾಯಕನಿಗೆ ಶತ್ರುವಾದ ಲುಬ್ಧನೂ ಪಾಪಿಯೂ ಆದ ಪ್ರತಿನಾಯಕನೂ ಇವನಲ್ಲ. ಇವನನ್ನು ಹೋಲುವವನನ್ನು ಕಾಣಬೇಕಾದರೆ ಮಹಾಭಾರತದ ಸೌಪ್ತಿಕಪರ್ವಕ್ಕೆ ಹೋಗಬೇಕು. ಶಸ್ತ್ರವನ್ನು ಕೆಳಗಿಟ್ಟ ತಂದೆಯನ್ನು ಅಧರ್ಮದಿಂದ ಕೊಂದರೆಂಬ ಅಶ್ವತ್ಥಾಮನ ದೂರು ಸುಳ್ಳಲ್ಲ. ಆದರೂ ಅವನು ಕೃಪ ಕೃತವರ್ಮರನ್ನು ಬಾಗಿಲಲ್ಲಿ ನಿಲ್ಲಿಸಿ ಒಳಹೊಕ್ಕು ನಿದ್ರಿಸುತ್ತಿದ್ದವರನ್ನು ಕೊಂದಾಗ, ವ್ಯಾಸರು ಆ ದುಃಖವನ್ನೂ ಮರೆಮಾಚಲಿಲ್ಲ, ಆ ಕೃತ್ಯವನ್ನೂ ಮನ್ನಿಸಲಿಲ್ಲ. ಪನಿಷರನು ನಿರಪರಾಧಿಗಳನ್ನು ಬೇಕೆಂದು ಕೊಲ್ಲುವವನಲ್ಲ. ಈ ಭೇದವನ್ನು ಒಪ್ಪಿಕೊಳ್ಳಬೇಕು. ಆದರೆ ಅಶ್ವತ್ಥಾಮನಿಗೆ ಶಾಪವಾಗಿ ಬಂದುದು, ಎಂದರೆ ಸಂಗಡಿಗರಿಲ್ಲದೆ ಮೂರು ಸಾವಿರ ವರ್ಷ ಅಲೆಯುವುದು, ಇವನಿಗೆ ತಾನಾಗಿ ಆರಿಸಿಕೊಂಡ ವ್ರತವಾಯಿತು.

ಹತ್ತು ವರ್ಷಗಳವರೆಗೆ ಇವನು ಇತರರ ಕಥೆಗಳಲ್ಲಿ ಬಂದು ಹೋಗುವ ಅತಿಥಿಯಾಗಿದ್ದನು. ೧೯೮೩ರ ಒಂದು ಕಥೆಯಲ್ಲಂತೂ ಬೀದಿಯಲ್ಲಿ ಕಸ ಚೆಲ್ಲಿದವರ ಮೇಲೆಯೂ ಗುಂಡು ಹಾರಿಸುವ ಉನ್ಮತ್ತನಾಗಿ ತೋರಿದನು. ಅಳತೆಯಿಲ್ಲದ ದಂಡವು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಆದರೆ ವಾಚಕರಿಗೆ ಆ ಪಾಠವು ಬೇಕಿರಲಿಲ್ಲ. ೧೯೮೬ರಲ್ಲಿ ಸ್ಟೀವನ್ ಗ್ರಾಂಟ್ ಮತ್ತು ಮೈಕ್ ಝೆಕ್ ಅವರು ಐದು ಸಂಚಿಕೆಗಳ ಸ್ವತಂತ್ರ ಮಾಲೆಯೊಂದನ್ನು ಹೊರತಂದು, ಆ ಹುಚ್ಚು ಸೆರೆಮನೆಯಲ್ಲಿ ಯಾರೋ ಮದ್ದಿಕ್ಕಿದ್ದರ ಫಲವೆಂದು ಸಮಾಧಾನ ಹೇಳಿದರು. ಮಾಲೆಯು ಗೆದ್ದಿತು. ೧೯೮೭ರಿಂದ ಅವನದೇ ಮಾಸಿಕವು ಆರಂಭವಾಗಿ ೧೦೪ ಸಂಚಿಕೆ ನಡೆಯಿತು. ೧೯೮೮ರಲ್ಲಿ ಎರಡನೆಯದು, ೧೯೯೨ರಲ್ಲಿ ಮೂರನೆಯದು ಸೇರಿದುವು. ೧೯೯೫ರಲ್ಲಿ ಮೂರೂ ನಿಂತುವು. ೨೦೦೦ದಲ್ಲಿ ಗಾರ್ತ್ ಎನಿಸ್ ಎಂಬ ಐರ್ಲೆಂಡಿನ ಲೇಖಕರು ಅವನನ್ನು ಮತ್ತೆ ಎಬ್ಬಿಸಿದರು. ೨೦೦೪ರಿಂದ ೨೦೦೮ರವರೆಗೆ ಅವರು ಬರೆದ, ಪ್ರೌಢರಿಗೆಂದೇ ಮೀಸಲಾದ ೬೦ ಸಂಚಿಕೆಗಳಲ್ಲಿ ಯುದ್ಧವು ಮನುಷ್ಯನ ಅಂತರಂಗವನ್ನು ಸುಟ್ಟು ಬರಿದುಮಾಡುವ ಬಗೆಯನ್ನು ನಿರ್ದಾಕ್ಷಿಣ್ಯವಾಗಿ ತೋರಿಸಿರುವರು.

ಇಷ್ಟರಲ್ಲಿ ತಲೆಬುರುಡೆಯು ಪುಸ್ತಕದಿಂದ ಹೊರಗೆ ನಡೆದಿತ್ತು. ಇರಾಕಿನ ಯುದ್ಧದಲ್ಲಿ ತಮ್ಮ ತಂಡದವರು ಇದನ್ನು ವಾಹನಗಳ, ಕವಚಗಳ, ಬಂದೂಕುಗಳ ಮೇಲೆ ಬರೆದುಕೊಂಡರೆಂದು ಕ್ರಿಸ್ ಕೈಲ್ ಎಂಬ ನೌಕಾದಳದ ಯೋಧರು ೨೦೧೨ರ ತಮ್ಮ ಆತ್ಮಕಥೆಯಲ್ಲಿ ಹೇಳಿರುವರು. ೨೦೧೭ರಲ್ಲಿ ಕೆಂಟಕಿ ಸಂಸ್ಥಾನದ ಕ್ಯಾಟ್ಲೆಟ್ಸ್‌ಬರ್ಗ್ ಎಂಬ ಊರಿನ ಪೋಲೀಸರು ತಮ್ಮ ವಾಹನಗಳಿಗೆ ಇದನ್ನು ಅಂಟಿಸಿ, ಜನರು ಆಕ್ಷೇಪಿಸಿದ ಮೇಲೆ ತೆಗೆದರು. ೨೦೨೧ರ ಜನವರಿ ೬ರಂದು ವಾಷಿಂಗ್ಟನ್ನಿನ ಶಾಸನಸಭೆಯ ಭವನಕ್ಕೆ ನುಗ್ಗಿದ ಗುಂಪಿನಲ್ಲಿಯೂ ಇದೇ ಚಿಹ್ನೆಯು ಕಂಡಿತು.

ಕಾನ್ವೇಯವರು ಇದನ್ನು ನೋಡಿ ಸುಮ್ಮನಿರಲಿಲ್ಲ. ಪನಿಷರನು ನ್ಯಾಯವ್ಯವಸ್ಥೆಯ ಸೋಲಿನ ಸಂಕೇತನೆಂದೂ, ಆ ವ್ಯವಸ್ಥೆಯ ಕಾವಲುಗಾರರೇ ಅವನ ಗುರುತನ್ನು ಧರಿಸುವುದು ವಿಪರೀತವೆಂದೂ ಅವರು ಬಹಿರಂಗವಾಗಿ ವಾದಿಸಿದರು. ೨೦೨೦ರಲ್ಲಿ ತರುಣ ಕಲಾವಿದರಿಂದ ಆ ಚಿಹ್ನೆಯನ್ನು ಹೊಸದಾಗಿ ಬರೆಯಿಸಿ, ಬಂದ ಹಣವನ್ನು ಕಪ್ಪುಜನರ ಪ್ರಾಣರಕ್ಷಣೆಯ ಚಳವಳಿಗೆ ಸಲ್ಲಿಸಿದರು. ಕಥೆಯೊಳಗೂ ಉತ್ತರ ಬಂದಿತು. ೨೦೧೯ರ ಒಂದು ಸಂಚಿಕೆಯಲ್ಲಿ ಅಭಿಮಾನಿಗಳಾದ ಪೋಲೀಸರು ತೋರಿಸಿದ ಬುರುಡೆಯ ಚೀಟಿಯನ್ನು ಪನಿಷರನೇ ಹರಿದೆಸೆದು, ನೀವು ಕಾನೂನಿಗೆ ಪ್ರತಿಜ್ಞೆ ಮಾಡಿದವರು, ನಾನು ಅದನ್ನು ಎಂದೋ ಬಿಟ್ಟವನು ಎಂಬರ್ಥದ ಮಾತನ್ನಾಡಿ ಗದರಿಸುವನು. ೨೦೨೨ರ ಮಾಲೆಯಲ್ಲಿ ಪ್ರಕಾಶಕರು ಲಾಂಛನವನ್ನೇ ಬದಲಿಸಿ, ಜಪಾನೀ ರಾಕ್ಷಸಮುಖದಂತಹ ಕೊಂಬಿನ ಚಿಹ್ನೆಯನ್ನು ಅವನಿಗೆ ತೊಡಿಸಿದರು.

ಆದರೆ ಪ್ರಕಾಶಕರೂ ನಿರ್ದೋಷಿಗಳೆಂದು ಹೇಳಲಾಗದು. ಮೂರು ಮಾಸಿಕಗಳಲ್ಲಿ ಏಕಕಾಲಕ್ಕೆ ಬಂದೂಕಿನ ವೈಭವವನ್ನು ಮಾರಿದವರು, ಕೊಂಡವರು ಅದನ್ನು ಮೆಚ್ಚಿಕೊಂಡರೆಂದು ಕೊನೆಯಲ್ಲಿ ಆಕ್ಷೇಪಿಸಿದರೆ ಏನು ಫಲ? ಮಾಸಿಕದ ಕಥೆಗೆ ಇನ್ನೊಂದು ದೋಷವೂ ಉಂಟು. ಅದು ಮುಗಿಯಕೂಡದು. ವ್ಯಾಸರ ಕಥೆಯಲ್ಲಿ ಮಣಿಯನ್ನು ಕಿತ್ತು, ಶಾಪ ಕೊಟ್ಟು, ಹಗೆಯ ಲೆಕ್ಕವನ್ನು ಮುಗಿಸುವರು. ಇಲ್ಲಿ ಮುಂದಿನ ತಿಂಗಳು ಕೊಲ್ಲಲು ಮತ್ತೊಬ್ಬನು ಬೇಕು. ಕುಟುಂಬವನ್ನು ಕೊಂದವರು ಸತ್ತು ಎಷ್ಟೋ ಕಾಲವಾದರೂ ಕ್ಯಾಸಲನು ಗುಂಡು ಹಾರಿಸುತ್ತಲೇ ಇರಬೇಕು. ಎಷ್ಟು ಗುಂಡು ಹಾರಿಸಿದರೂ ಮಡಿದ ಮಕ್ಕಳು ಮಾತ್ರ ಅವನ ಮನೆಯ ಬಾಗಿಲಿಗೆ ಹಿಂದಿರುಗುವುದಿಲ್ಲ.

ದಂಡಕ್ಕೂ ಹಗೆಗೂ ಇರುವ ಅಂತರವು ಇದೇ. ದಂಡಕ್ಕೆ ವಿಚಾರಣೆಯುಂಟು, ಅಳತೆಯುಂಟು, ಕೊನೆಯುಂಟು. ಹಗೆಗೆ ಇವು ಮೂರೂ ಇಲ್ಲ. ನೊಂದವನು ಈ ಅಂತರವನ್ನು ಮರೆತರೆ ಅವನಿಗಾಗಿ ನಾವು ಕಣ್ಣೀರಿಡಬಹುದು. ದಂಡವನ್ನು ಹಿಡಿಯಲೆಂದು ಜನರು ನೇಮಿಸಿದವರೇ ಅದನ್ನು ಮರೆತು ಎದೆಯ ಮೇಲೆ ಬುರುಡೆಯನ್ನು ಧರಿಸಿದರೆ, ಹೊಸದಾಗಿ ನೊಂದವರು ದೂರು ಹೇಳಿಕೊಳ್ಳಲು ಯಾರ ಬಾಗಿಲಿಗೆ ಹೋಗಬೇಕು?