ಒಂದು ಸಂಬಳ, ಎರಡು ರಾಜ್ಯ

ಮನೆ ಒಂದು ರಾಜ್ಯದಲ್ಲಿ, ಕೆಲಸ ಪಕ್ಕದ ರಾಜ್ಯದಲ್ಲಿ. ಆದಾಯ ತೆರಿಗೆ ಯಾರಿಗೆ ಸಲ್ಲಬೇಕು? ನಮ್ಮಲ್ಲಿ ಸಂಬಳದ ಮೇಲಿನ ಆದಾಯ ತೆರಿಗೆ ಕೇಂದ್ರದ್ದು. ಈ ಪ್ರಶ್ನೆ ಏಳುವುದಿಲ್ಲ. ಅಮೆರಿಕದಲ್ಲಾದರೋ ಬಹುಪಾಲು ರಾಜ್ಯಗಳು ತಮ್ಮದೇ ಆದಾಯ ತೆರಿಗೆಯನ್ನೂ ವಿಧಿಸುತ್ತವೆ.

1919ರಲ್ಲಿ ನ್ಯೂಯಾರ್ಕ್ ರಾಜ್ಯ ಈ ತೆರಿಗೆಯನ್ನು ತಂದಾಗ, ನೆರೆಯ ಕನೆಕ್ಟಿಕಟ್, ನ್ಯೂಜೆರ್ಸಿಗಳಿಂದ ಬಂದು ದುಡಿಯುವವರೂ ತೆರಬೇಕಾಯಿತು. ಆದರೆ ಸ್ಥಳೀಯರಿಗಿದ್ದ 1,000 ಡಾಲರ್ ವಿನಾಯಿತಿ ಅವರಿಗಿರಲಿಲ್ಲ. 1920ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ದುಡಿದ ರಾಜ್ಯ ತೆರಿಗೆ ಹಾಕಬಹುದು, ಭೇದ ಮಾಡಬಾರದು ಎಂದಿತು.

ವಾಸದ ರಾಜ್ಯವೂ ಅದೇ ಸಂಬಳಕ್ಕೆ ಕೈಯೊಡ್ಡಿದರೆ? ಆಗ ನೆರವಿಗೆ ಬರುವುದೇ ತೆರಿಗೆ ಜಮೆ. ದುಡಿದಲ್ಲಿ ಕಟ್ಟಿದ್ದು 600 ಡಾಲರ್, ವಾಸದ ರಾಜ್ಯದ ಲೆಕ್ಕ 700 ಎಂದುಕೊಳ್ಳಿ. ಉಳಿದ 100 ಮಾತ್ರ ಕಟ್ಟಿದರಾಯಿತು.

ಮೇರಿಲ್ಯಾಂಡ್ ರಾಜ್ಯ ಈ ಜಮೆಯನ್ನು ತನ್ನ ತೆರಿಗೆಗೆ ಕೊಟ್ಟಿತು. ಕೌಂಟಿ, ಅಂದರೆ ಜಿಲ್ಲಾ ಮಟ್ಟದ ತೆರಿಗೆಗೆ ಕೊಡಲಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟು 5–4ರ ಬಹುಮತದಿಂದ ಇದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಭಿನ್ನಮತದ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಅವರ ವಾದವೂ ಹಗುರವಲ್ಲ: ಶಾಲೆ, ರಸ್ತೆ, ಪೊಲೀಸ್ ಒದಗಿಸುವುದು ವಾಸದ ರಾಜ್ಯವಲ್ಲವೇ?

ಎರಡೂ ಕಡೆ ನ್ಯಾಯವಿದೆ. ನೀವೇ ನ್ಯಾಯಾಧೀಶರಾಗಿದ್ದರೆ ತಕ್ಕಡಿ ಯಾವ ಕಡೆ ವಾಲುತ್ತಿತ್ತು?